ತಮ್ಮ ಗೋತ್ರ ತಿಳಿಸತಕ್ಕದ್ದು

ಬಸವನಗುಡಿ
೨೬ ಏಪ್ರಿಲ್ ೨೦೨೫

ಶ್ರೀ ದೊಡ್ಡಬೈರಪ್ಪನವರಿಗೆ,

ವಿಷಯ: ತಮ್ಮ ಮನೆತನದ ಗೋತ್ರ ತಿಳಿಸುವ ಬಗ್ಗೆ.
ಉಲ್ಲೇಖ: ಇಲ್ಲ. (ಮೂರು ವರ್ಷದಿಂದ ನಮ್ಮ ನಡುವೆ ಮಾತೇ ಇಲ್ಲದಿರುವುದರಿಂದ ಉಲ್ಲೇಖಿಸಲು ಏನೂ ಸಿಕ್ಕಲಿಲ್ಲ.)

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರಿಯ ಕಡತಗಳ ಮಧ್ಯೆ ಬಾಳಿದ ನನಗೆ ಬೇರೆ ರೀತಿಯಲ್ಲಿ ಪತ್ರ ಬರೆಯಲು ಬರುವುದಿಲ್ಲ. ಇದರ ಧಾಟಿಯನ್ನು ಅಹಂಕಾರವೆಂದು ಭಾವಿಸಬಾರದು. ಅಹಂಕಾರ ಬೇರೆ ಇದೆ. ಅದನ್ನು ಈ ಪತ್ರದಲ್ಲಿ ಹಾಕಿಲ್ಲ.

ನನ್ನ ಮಗಳೂ, ಸಬ್‌ರಿಜಿಸ್ಟ್ರಾರ್ ಕಚೇರಿಯ ದಾಖಲೆಯ ಪ್ರಕಾರ ತಮ್ಮ ಸೊಸೆಯೂ ಆದ ಕ್ಯಾಪ್ಟನ್ ಪ್ರಿಯಂವದಾ ಜಮ್ಮು ಕಡೆಯ ಸೇನಾ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವುದು ತಮಗೆ ತಿಳಿದೇ ಇದೆ. ಮೊನ್ನೆ ಕಾಶ್ಮೀರದಲ್ಲಿ ಆ ಅನಾಹುತ ಆದಮೇಲೆ ಅವಳ ಮೇ ತಿಂಗಳ ರಜೆ ರದ್ದಾಗಿದೆ. ಫೋನಿನಲ್ಲಿ ನಾಲ್ಕು ವಾಕ್ಯ ಮಾತಾಡಿದಳು. ಅದರಲ್ಲಿ ಮೂರು ಅವರಮ್ಮನ ಬಿ.ಪಿ. ಮಾತ್ರೆಯ ಬಗ್ಗೆ.

ಯುದ್ಧ ಆಗಿಯೇ ಆಗುತ್ತದೆ ಎಂದು ನನ್ನ ಹೆಂಡತಿ ತುಳಸಮ್ಮ ತೀರ್ಮಾನಿಸಿದ್ದಾಳೆ. ದೆಹಲಿಯವರು ಇನ್ನೂ ಯೋಚಿಸುತ್ತಿದ್ದಾರೆ. ಮೇ ಹನ್ನೊಂದಕ್ಕೆ ನರಸಿಂಹ ಜಯಂತಿ. ಅಂದು ನಮ್ಮ ಬೀದಿಯ ನರಸಿಂಹ ದೇವಸ್ಥಾನದಲ್ಲಿ ಮಗಳ ಹೆಸರಿನಲ್ಲಿ ಹೋಮ ಮಾಡಿಸುವುದೆಂದು ನಿನ್ನೆ ಹೋದೆವು. ಹೊಸದಾಗಿ ಬಂದಿರುವ ಚಿಕ್ಕ ವಯಸ್ಸಿನ ಅರ್ಚಕರು ಕೈಯಲ್ಲಿ ಟ್ಯಾಬ್ ಹಿಡಿದು ಹೆಸರು, ನಕ್ಷತ್ರ, ರಾಶಿ, ಗೋತ್ರ ಕೇಳಿದರು. ನಾನು ಎಂದಿನಂತೆ ವಸಿಷ್ಠ ಗೋತ್ರ ಎಂದೆ. ಅವರು ತಲೆಯೆತ್ತಿ, ಮದುವೆ ಆಗಿದೆಯೇ ಎಂದು ಕೇಳಿದರು. ನಾನು ಕೆಮ್ಮಿದೆ. ತುಳಸಮ್ಮ ಆಗಿದೆ ಎಂದಳು.

"ಹಾಗಾದ್ರೆ ಗಂಡನ ಮನೆ ಗೋತ್ರ ಹೇಳ್ಬೇಕಲ್ವಾ ಮಾಮಾ? ಯಾವ್ದು?"

ವಿಷಯ ಏನೆಂದರೆ, ಮದುವೆಯಾದಾಗಿನಿಂದ ಪ್ರತಿ ಶನಿವಾರ ಅವಳ ಹೆಸರಿನಲ್ಲಿ ಅರ್ಚನೆ ಮಾಡಿಸುತ್ತಿರುವವನು ನಾನು. ಮೂರು ವರ್ಷವೂ ನಮ್ಮ ಗೋತ್ರವನ್ನೇ ಹೇಳಿದ್ದೇನೆ. ಹಳೆಯ ಅರ್ಚಕರಿಗೆ ಕಿವಿ ಮಂದ, ನಡೆಯಿತು. ತುಳಸಮ್ಮನ ಲೆಕ್ಕದಲ್ಲಿ ಅಷ್ಟೂ ಅರ್ಚನೆಗಳು ಆ ವಿಳಾಸದಲ್ಲಿ ಇಲ್ಲದ ಹುಡುಗಿಗೆ ಹೋಗಿವೆ. ಒಂದೂ ಮಗಳನ್ನು ಮುಟ್ಟಿಲ್ಲ. ಈಗ ಗಡಿಯಲ್ಲಿ ಹೀಗಾಗಿದೆ. ನಿನ್ನೆ ಸಂಜೆಯಿಂದ ಅವಳು ನನ್ನೊಡನೆ ಮಾತಾಡಿಲ್ಲ. ಕಾಫಿ ಆಯಿತೆಂಬುದನ್ನು ಲೋಟ ಕುಕ್ಕಿ ತಿಳಿಸುತ್ತಾಳೆ.

ಆದ್ದರಿಂದ ತಮ್ಮ ಗೋತ್ರವನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸತಕ್ಕದ್ದು. ಒಂದೇ ಪದ ಸಾಕು. ಫೋನ್ ಮಾಡಬೇಡಿ, ಮದುವೆ ದಿನ ಮನೆಗೆ ಬರುವ ಆಟೋದಲ್ಲೇ ತಮ್ಮ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಅದನ್ನು ತೆಗೆಯುವುದು ಹೇಗೆಂದು ನನಗೆ ತಿಳಿಯದು. ತುಳಸಮ್ಮನಿಗೆ ತಿಳಿದಿದೆ, ಕೇಳುವಂತಿಲ್ಲ. ಅಂದು ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ "ಪೇಪರಿನಲ್ಲಿ ಮಾತ್ರ ನಿಮ್ಮನೆ ಸೊಸೆ" ಎಂದು ನಾನು ಹೇಳಿದ್ದು, ಅದಕ್ಕೆ ತಾವು "ನಿಮ್ಮ ವಸಿಷ್ಠರು ಸಾಕ್ಷಿ ಸೈನ್ ಹಾಕೋಕೆ ಬರ್ಲಿಲ್ವಾ?" ಎಂದು ಕೇಳಿದ್ದು, ಎರಡೂ ಹಾಗೇ ಇರಲಿ. ಈ ಪತ್ರವನ್ನು ರಾಜಿಯ ಪ್ರಯತ್ನವೆಂದು ತಿಳಿಯಬಾರದು.

ಇಂತಿ,
ವಾದಿರಾಜ
ನಿವೃತ್ತ ಅಧೀಕ್ಷಕ


ಚಾಮರಾಜಪೇಟೆ
೩೦ ಏಪ್ರಿಲ್ ೨೦೨೫

ವಾದಿರಾಜ ರಾಯರಿಗೆ ನಮಸ್ಕಾರ.

ನಿಮ್ಮ ಪತ್ರ ನಾಲ್ಕು ದಿನಕ್ಕೆ ಬಂತು. ಮಂಡಿ ನೋವಿಟ್ಟುಕೊಂಡು ನಾನು ಗಾಂಧಿ ಬಜಾರಿನಿಂದ ನಮ್ಮನೆಗೆ ಅರ್ಧ ಗಂಟೆಯಲ್ಲಿ ನಡೆದು ಬರುತ್ತೇನೆ. ಪತ್ರ ಯಾವ ಕಡೆಯಿಂದ ಸುತ್ತಿಕೊಂಡು ಬಂತೋ.

ಗೋತ್ರದ ವಿಷಯ. ನನ್ನ ಹೆಂಡತಿ ಅಕ್ಕಯಮ್ಮನನ್ನು ಕೇಳಿದೆ. ಅವಳು ನನ್ನನ್ನೇ ಕೇಳಿದಳು. ನಲವತ್ತು ವರ್ಷ ಮರದ ಡಿಪೋ ನಡೆಸಿದ್ದೇನೆ. ಹೊನ್ನೆ, ಮತ್ತಿ, ತೇಗ ಯಾವುದನ್ನು ತೋರಿಸಿದರೂ ಯಾವ ಕಾಡಿನದೆಂದು ಹೇಳಬಲ್ಲೆ. ನನ್ನದೇ ಗೋತ್ರ ಯಾವುದೆಂದು ಎಪ್ಪತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನೀವೇ ಮೊದಲು. ಊರಿಗೆ ಫೋನ್ ಮಾಡಿ ಅಣ್ಣ ನಂಜಪ್ಪನನ್ನು ಕೇಳಿದೆ.

"ಯಾರ್ಲಾ ಕೇಳ್ತಿರೋದು, ಗಣತಿಯೋರಾ?" ಅಂದ.

ಬೀಗರು ಅಂದೆ. ಅವರು ಮಾತಾಡುತ್ತಾರಾ ಎಂದು ಕೇಳಿದ. ಪೋಸ್ಟಿನಲ್ಲಿ ಮಾತಾಡುತ್ತಾರೆ ಅಂದೆ. ನಮ್ಮ ಮನೆದೇವರು ಗುಡ್ಡದ ಬೈರವ. ಅಂಥದ್ದೆಲ್ಲ ಗುಡ್ಡದ ಪೂಜಾರಿ ಬೈರಯ್ಯನಿಗೇ ಗೊತ್ತಿರಬೇಕಂತೆ. ಅವನು ಮಗಳ ಮನೆಗೆ ಹೋಗಿದ್ದಾನೆ, ಬರುವುದು ಮುಂದಿನ ವಾರವಂತೆ, ಫೋನ್ ಇಟ್ಟುಕೊಂಡಿಲ್ಲವಂತೆ. ಕಾಯಬೇಕು.

ನಿಮ್ಮ ನರಸಿಂಹನಿಗೆ ಇಷ್ಟೆಲ್ಲ ದಾಖಲೆ ಬೇಕು. ಅಕ್ಕಯಮ್ಮ ಮಂಗಳವಾರವೇ ತಂಬಿಟ್ಟಿನಾರತಿ ಹೊತ್ತು ಮೆಜೆಸ್ಟಿಕ್ಕಿನ ಅಣ್ಣಮ್ಮನ ಹತ್ತಿರ ಹೋಗಿ ಬಂದಳು. ಆ ತಾಯಿ ಹೆಸರನ್ನೂ ಕೇಳಲಿಲ್ಲ. ನಮ್ಮ ಡಿಪೋ ಪಕ್ಕ ಗ್ರಿಲ್ ವೆಲ್ಡಿಂಗ್ ಮಾಡುವ ಮುನೀರ್ ಪಾಷಾ, ನಾನು ಹೇಳುವ ಮೊದಲೇ ಕಾಟನ್‌ಪೇಟೆ ದರ್ಗಾಕ್ಕೆ ಹೋಗಿ ತಾಯಿತ ಮಾಡಿಸಲು ನಿಂತಿದ್ದಾನೆ. ಅಲ್ಲಿಂದ ಫೋನ್ ಮಾಡಿದ: "ಗೌಡ್ರೇ, ಡಾಕ್ಟ್ರಮ್ಮನ ತಾಯಿ ಹೆಸ್ರು ಹೇಳಿ. ಇಲ್ಲಿ ಅಪ್ಪನ್ದು ಕೇಳಲ್ಲ, ತಾಯೀದೇ ಕೇಳೋದು." ನಾನು ತುಳಸಮ್ಮ ಅಂದೆ. ನೋಡಿ, ಬೀಗಿತ್ತಿಯ ಹೆಸರು ನನಗೆ ನಾಲಗೆ ತುದಿಯಲ್ಲಿತ್ತು.

ಬ್ಲಾಕ್ ತೆಗೆಯಲು ನಮ್ಮ ಮಗ, ನಿಮ್ಮ ಅಳಿಯ ಗೌರೀಶನನ್ನು ಕಳಿಸಲೇ? ಅವನು ದಿನಾ ನಿಮ್ಮ ಮನೆ ಮುಂದಿನಿಂದಲೇ ಕಾಲೇಜಿಗೆ ಪಾಠ ಮಾಡಲು ಹೋಗುತ್ತಾನೆ. ಅವನು ತಲೆ ಬಗ್ಗಿಸುತ್ತಾನಂತೆ, ನೀವು ಪೇಪರ್ ಎತ್ತಿ ಮುಖ ಮುಚ್ಚಿಕೊಳ್ಳುತ್ತೀರಂತೆ. ಒಂದು ದಿನ ಪೇಪರ್ ತಲೆಕೆಳಗಾಗಿತ್ತಂತೆ.

ಇತಿ,
ದೊಡ್ಡಬೈರಪ್ಪ


ಬಸವನಗುಡಿ
೪ ಮೇ ೨೦೨೫

ಶ್ರೀ ದೊಡ್ಡಬೈರಪ್ಪನವರಿಗೆ,

ವಿಷಯ: ಜ್ಞಾಪನ. ಗೋತ್ರ ಇನ್ನೂ ಬಂದಿಲ್ಲದಿರುವ ಬಗ್ಗೆ.

ತಮ್ಮ ಪತ್ರದ ಕೊನೆಯ ಪ್ಯಾರಾವನ್ನು ಆಧಾರರಹಿತವೆಂದು ತಳ್ಳಿಹಾಕಲಾಗಿದೆ.

ಇತ್ತ ಬಸವನಗುಡಿಯಲ್ಲಿ ಗಡಿಯ ರಕ್ಷಣೆ ಭರದಿಂದ ಸಾಗಿದೆ. ಮಠದಲ್ಲಿ ಅಖಂಡ ಪಾರಾಯಣ. ದೊಡ್ಡ ಬಸವಣ್ಣನಿಗೆ ವಿಶೇಷ ಅಭಿಷೇಕ. ಮೂರನೇ ಮನೆಯ ಜೈನರು ಒಪ್ಪೊತ್ತು ಉಪವಾಸ ಹಿಡಿದಿದ್ದಾರೆ. ಹೆಂಗಸರ ಸಹಸ್ರನಾಮದ ಗುಂಪು ಜೂಮ್ ಮೇಲೆ ಸೇರುತ್ತಿದೆ; ಅಲ್ಲಿ ಒಬ್ಬೊಬ್ಬರು ಒಂದೊಂದು ನಾಮದಲ್ಲಿರುವುದರಿಂದ ಸಾವಿರ ನಾಮವೂ ಏಕಕಾಲಕ್ಕೆ ಕೇಳಿಸಿ ಬಹಳ ಬೇಗ ಮುಗಿಯುತ್ತದೆ. ಬ್ಯೂಗಲ್ ರಾಕಿನ ನಗೆಕೂಟದವರು ಗಡಿ ಶಾಂತವಾಗುವವರೆಗೆ ನಗದೆ ಮೌನ ಪ್ರಾರ್ಥನೆ ಮಾಡುವುದೆಂದು ಠರಾವು ಮಾಡಿದರು. ಠರಾವನ್ನು ಗಂಭೀರವಾಗಿ ಓದುವಾಗ ಅಧ್ಯಕ್ಷರಿಗೇ ನಗು ಬಂದುಬಿಟ್ಟಿತು. ಹತ್ತು ವರ್ಷದ ಅಭ್ಯಾಸ, ಪಾಪ.

ಒಟ್ಟಿನಲ್ಲಿ ಈ ಊರಿನ ಒಂದೊಂದು ದೇವರ ಕಚೇರಿಯಲ್ಲೂ ಒಂದೊಂದು ನಮೂನೆಯ ಅರ್ಜಿ. ತಮ್ಮ ಅಣ್ಣಮ್ಮನ ಕಚೇರಿಯಲ್ಲಿ ಏನನ್ನೂ ಕೇಳುವುದಿಲ್ಲ, ದರ್ಗಾದಲ್ಲಿ ತಾಯಿಯ ಹೆಸರು ಕೇಳುತ್ತಾರೆ ಎಂಬುದನ್ನು ತುಳಸಮ್ಮನಿಗೆ ಓದಿ ಹೇಳಿದೆ. ತನ್ನ ಹೆಸರು ದರ್ಗಾಕ್ಕೆ ಹೋಗಿದೆಯೆಂದು ಕೇಳಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಅಲ್ಲಾದ್ರೂ ಸರಿಯಾದ ವಿಳಾಸ ಕೊಟ್ರಲ್ಲ" ಎಂದು ನನಗೆ ಕೇಳಿಸುವಂತೆ ಗೋಡೆಗೆ ಹೇಳಿದಳು. ಎಂಟು ದಿನದಲ್ಲಿ ಅವಳು ಆಡಿದ ಮೊದಲ ಪೂರ್ಣ ವಾಕ್ಯ ಅದು.

ನಿನ್ನೆ ಅರ್ಚಕರು ಒಂದು ದಾರಿ ಸೂಚಿಸಿದರು. ಅವರ ಟ್ಯಾಬಿನಲ್ಲಿ ಗೋತ್ರದ ಜಾಗ ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಎಂದು ಹಾಕುವ ರೂಢಿ ಇದೆಯಂತೆ. "ಗೊತ್ತಿಲ್ದೋರು ಅಂತ ಕಾಶ್ಯಪ ಹಾಕ್ಬಿಡ್ಲಾ ಮಾಮಾ?" ಎಂದರು. ಸುಲಭದ ದಾರಿ. ಒಪ್ಪಿಕೊಳ್ಳಬೇಕಿತ್ತು. ಆದರೆ ನನ್ನ ಬಾಯಿಂದ ಬೇರೆಯೇ ಬಂತು.

"ಗೊತ್ತಿಲ್ದೋರ ಮನೆಗೆ ನಾನು ಮಗಳನ್ನ ಕೊಟ್ಟಿಲ್ಲ, ಸ್ವಾಮಿ."

ತುಳಸಮ್ಮ ಪಕ್ಕದಲ್ಲೇ ಇದ್ದಳು. "ಅಂದ್ರೆ ಕೊಟ್ಟಿದೀರಿ ಅಂತಾಯ್ತು" ಎಂದಳು. ಈ ಹೇಳಿಕೆಯನ್ನು ನನ್ನ ವಿರುದ್ಧ ಬಳಸಬಾರದೆಂದು ಕೋರುತ್ತೇನೆ. ಹನ್ನೊಂದನೇ ತಾರೀಖಿನೊಳಗೆ ಗೋತ್ರ ಬೇಕೇ ಬೇಕು.

ಇಂತಿ,
ವಾದಿರಾಜ


ಬಸವನಗುಡಿ
೯ ಮೇ ೨೦೨೫, ಬೆಳಿಗ್ಗೆ

ಶ್ರೀ ದೊಡ್ಡಬೈರಪ್ಪನವರಿಗೆ,

ವಿಷಯ: ಎರಡನೆಯ ಜ್ಞಾಪನ.

ತುಳಸಮ್ಮ ಹೇಳಿದಂತೆಯೇ ಯುದ್ಧ ಶುರುವಾಗಿದೆ. ಬುಧವಾರ ಸಂಜೆ ಊರಿನಲ್ಲಿ ಅಣಕು ಸೈರನ್ ಮೊಳಗುತ್ತದೆಂದು ಪೇಪರಿನಲ್ಲಿ ಬಂದಿದ್ದರಿಂದ ನಮ್ಮ ಬೀದಿಯವರೆಲ್ಲ ಟೆರೇಸ್ ಹತ್ತಿ ಕಿವಿಗೆ ಕೈ ಕೊಟ್ಟು ನಿಂತೆವು. ಸೈರನ್ ನಮ್ಮ ಕಡೆಗೆ ಕೇಳಿಸಲಿಲ್ಲ. ಒಬ್ಬೊಬ್ಬರಾಗಿ ಇಳಿದೆವು. ಪಕ್ಕದ ಮನೆಯ ವೆಂಕಟಾಚಲಯ್ಯನವರು ಟೆರೇಸಿನಲ್ಲಿ ಇರಲಿಲ್ಲ, ಮನೆಯೊಳಗೆ ಮಲಗಿದ್ದರು. ಆರೂವರೆಗೆ ನಮ್ಮ ದೇವಸ್ಥಾನದ ಕರೆಂಟು ನಗಾರಿ, ಮಂಗಳಾರತಿಯ ಹೊತ್ತಿಗೆ ಜಾಗಟೆ ಗಂಟೆ ಡೋಲು ಎಲ್ಲ ಒಟ್ಟಿಗೆ ಬಡಿಯುವ ಆ ಮೆಷೀನು, ಶುರುವಾಯಿತು. ಎಂಬತ್ತೊಂದು ವರ್ಷದ ಆ ಮನುಷ್ಯ ಸರಕಾರದ ಸೂಚನೆಯಂತೆ ಊಟದ ಮೇಜಿನ ಕೆಳಗೆ ಬೋರಲು ಮಲಗಿ, ಕಿವಿ ಮುಚ್ಚಿಕೊಂಡು, ರಾಯರ ಸ್ತೋತ್ರ ಹೇಳಲು ಆರಂಭಿಸಿದರು. ಸೊಸೆ ಬಂದು ಅದು ಮಂಗಳಾರತಿ ಎಂದಳು. ಅವರು ನಂಬಲಿಲ್ಲ. ತೀರ್ಥ ಪ್ರಸಾದವನ್ನು ಮೇಜಿನ ಕೆಳಗೇ

ಮಧ್ಯಾಹ್ನ, ಎರಡು ಗಂಟೆ.

ಮೇಲಿನದನ್ನು ಬೆಳಿಗ್ಗೆ ಬರೆಯುತ್ತಿದ್ದೆ. ಟಿವಿಯಲ್ಲಿ ಜಮ್ಮು ತೋರಿಸಿದರು, ಪೆನ್ನು ಇಟ್ಟೆ.

ಆರನೇ ತಾರೀಖಿನ ಮೇಲೆ ಅವಳ ಫೋನ್ ಇಲ್ಲ. ನಾವು ಮಾಡಿದರೆ ಹೋಗುವುದಿಲ್ಲ. ತುಳಸಮ್ಮ ಇಂದು ರಾಹುಕಾಲದಲ್ಲಿ ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು. ಬಂದವಳು ದೇವರ ಮನೆಗೆ ಹೋಗದೆ ಮಗಳ ಕೋಣೆಗೆ ಹೋಗಿ ಕೂತಿದ್ದಾಳೆ.

ನಿಮಗೆ ಫೋನ್ ಬಂತೇ? ಗೌರೀಶನಿಗಾದರೂ?

ಪೋಸ್ಟಿಗೆ ಹಾಕಿದರೆ ನಾಲ್ಕು ದಿನ. ನಾನೇ ತರುತ್ತೇನೆ.

ವಾದಿರಾಜ


ಚಾಮರಾಜಪೇಟೆ
೧೦ ಮೇ ೨೦೨೫, ಸಂಜೆ

ರಾಯರೇ,

ನಿನ್ನೆ ನೀವು ಬಂದಿದ್ದನ್ನು ಮಹಡಿಯಿಂದ ನೋಡಿದೆ. ಗೇಟಿನ ಹತ್ತಿರ ನಿಂತಿರಿ. ಬೆಲ್ ಮೇಲೆ ಬೆರಳಿಟ್ಟಿರಿ, ಒತ್ತಲಿಲ್ಲ. ಪತ್ರವನ್ನು ಡಬ್ಬಕ್ಕೆ ಹಾಕಿ, ಬೆಲ್ ಹೊಡೆದು ಓಡುವ ಮಕ್ಕಳ ಹಾಗೆ ಬೆಲ್ ಹೊಡೆಯದೆಯೇ ಓಡಿದಿರಿ. ನಾನು ಕೆಳಗಿಳಿಯುವಷ್ಟರಲ್ಲಿ ತಿರುವಿನಲ್ಲಿದ್ದಿರಿ. ಈ ವಯಸ್ಸಿಗೆ ಒಳ್ಳೆ ಕಾಲು ನಿಮ್ಮದು.

ಫೋನ್ ಇಲ್ಲೂ ಬಂದಿಲ್ಲ. ಈಗ ತಾನೇ ಟಿವಿಯಲ್ಲಿ ಕದನ ವಿರಾಮ ಅಂದರು. ವಿರಾಮ ಅಂದಮೇಲೆ ಫೋನ್ ಬರಬೇಕು ಎಂದುಕೊಂಡು ಎಲ್ಲರೂ ಫೋನನ್ನೇ ನೋಡುತ್ತಿದ್ದೇವೆ. ಅದು ಸುಮ್ಮನೆ ಕೂತಿದೆ.

ನಿನ್ನೆ ಶುಕ್ರವಾರದ ನಮಾಜು ಮುಗಿಸಿ ಮುನೀರ್ ಬಂದ. ಮಸೀದಿಯಲ್ಲಿ ಸೈನಿಕರಿಗೆಲ್ಲ ದುವಾ ಮಾಡಿದರಂತೆ. "ನಾನು ನಮ್ ಡಾಕ್ಟ್ರಮ್ಮನ್ದು ಒಂದ್ಸಲ ಎಕ್ಸ್‌ಟ್ರಾ ಹೇಳ್ಬಿಟ್ಟೆ" ಅಂದ. ಬಿನ್ನಿಪೇಟೆಯಿಂದ ಅಕ್ಕಯಮ್ಮನಿಗೆ ಮಂಡಿ ನೋವಿನ ಇಂಜೆಕ್ಷನ್ ಕೊಡಲು ಬರುವ ನರ್ಸ್ ಫಿಲೋಮಿನಾ ಚರ್ಚಿನ ಡಬ್ಬದಲ್ಲಿ ಚೀಟಿ ಹಾಕಿದ್ದಾಳೆ. ಹೆಸರಷ್ಟೇ ಬರೆದೆ, ಮಿಕ್ಕಿದ್ದು ಅವರಿಗೆ ಗೊತ್ತು ಅಂದಳು. ಇಷ್ಟು ಜನ ಇಷ್ಟು ಕಡೆ ಬಾಗಿಲು ತಟ್ಟುತ್ತಿರುವಾಗ ನಮ್ಮ ಗೌರೀಶ ಮಾತ್ರ ಯಾವ ಗುಡಿಗೂ ಬರುವುದಿಲ್ಲ. ಅವನಿಗೆ ನಂಬಿಕೆ ಇಲ್ಲ, ನಿಮಗೂ ಗೊತ್ತಿರಬೇಕು. ಆದರೆ ಹೆಂಡತಿ ಡ್ಯೂಟಿಗೆ ಹೋದಾಗಿನಿಂದ ದಿನಾ ಬೆಳಿಗ್ಗೆ ಏಳು ಗಂಟೆಗೆ ಅವಳ ಸ್ಕೂಟರನ್ನು ಹೊರಗೆ ತಂದು, ಒರೆಸಿ, ಸ್ಟ್ಯಾಂಡ್ ಹಾಕಿ, ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲುತ್ತಾನೆ. ಬ್ಯಾಟರಿ ಡೌನ್ ಆಗಬಾರದು ಅನ್ನುತ್ತಾನೆ. ತಾನು ಅದನ್ನು ಓಡಿಸುವುದಿಲ್ಲ. ಈ ನಾಲ್ಕು ದಿನ ಹದಿನೈದು ನಿಮಿಷ ನಿಲ್ಲಿಸುತ್ತಿದ್ದಾನೆ. ಪಕ್ಕದವರು ಹೊಗೆ ಅಂತ ಗೊಣಗಿದರು. ಮುನೀರ್ ಅವರಿಗೆ, "ಸುಮ್ನಿರಿ ಸಾರ್, ಆ ಹುಡುಗಂದು ಪೂಜೆ ಟೈಮು" ಅಂದ.

ಇನ್ನು ನಿಮ್ಮ ಗೋತ್ರ. ಬೈರಯ್ಯ ಇವತ್ತು ಸಿಕ್ಕಿದ. ಅಣ್ಣನ ಫೋನಿನಲ್ಲಿ ಮಾತಾಡಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ನಮ್ಮ ಗುಡ್ಡದಲ್ಲಿ ಗೋತ್ರ ಕೇಳುವ ಪದ್ಧತಿಯೇ ಇಲ್ಲವಂತೆ. ವರ್ಷಕ್ಕೊಂದು ಸಲ ಕಾಯಿ ಒಡೆಯುವಾಗ ಪೂಜಾರಿ ಒಂದೊಂದು ಮನೆಯವರನ್ನೂ ಹೆಸರು ಹಿಡಿದು ಕೂಗಿ ಬೈರವನಿಗೆ ಒಪ್ಪಿಸುತ್ತಾನೆ. ಅದನ್ನು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ, ಗೋತ್ರದ ಮಾತು ಬಂದಾಗ ಹೊಳೆಯಲಿಲ್ಲ. ಗಂಡುಮಕ್ಕಳನ್ನು ನಮ್ಮ ಹಟ್ಟಿಯ ಹೆಸರಲ್ಲಿ ಕೂಗುತ್ತಾನೆ. ಸೊಸೆಯರನ್ನು ಹಾಗೆ ಕೂಗುವಂತಿಲ್ಲ. ಸೊಸೆಯನ್ನು ಅವಳ ತಂದೆಯ ಹೆಸರು ಹಿಡಿದೇ ಕೂಗಬೇಕು. ಯಾಕಪ್ಪಾ ಅಂದೆ.

"ಹೆಣ್ಣು ಕೊಟ್ಟೋರ್ನ ಮರ್ತ್ರೆ ಬೈರವ ಕಾಯಿ ತಗಳಲ್ಲ ಗೌಡ. ಮೂರ್ ವರ್ಸದಿಂದ ಕೂಗ್ತಾ ಇಲ್ವಾ? 'ಬೆಂಗಳೂರು ಬಸವನಗುಡಿ ವಾದಿರಾಜಪ್ಪನ ಮನೆಯಿಂದ ಬಂದ ಹೆಣ್ಣು ಪ್ರಿಯಮ್ಮ. ಹೆಣ್ಣು ಕೊಟ್ಟ ಮನೆ ತಣ್ಣಗಿರ್ಲಿ.'"

ಹೀಗೆ, ರಾಯರೇ. ನೀವು ಅಲ್ಲಿ ನಮ್ಮ ಹೆಸರು ಹೇಳದೆ ಮೂರು ವರ್ಷ ಅರ್ಚನೆ ಮಾಡಿಸಿದಿರಿ. ಇಲ್ಲಿ ನಮ್ಮ ಗುಡ್ಡದ ಮೇಲೆ ಮೂರು ವರ್ಷವೂ ನಿಮ್ಮ ಹೆಸರನ್ನೇ ಕೂಗಿದ್ದಾರೆ. ನಾನೂ ಅಲ್ಲೇ ಕೈಮುಗಿದು ನಿಂತಿದ್ದೆ. ನಿಮಗೆ ಹೇಳಬಹುದಿತ್ತು. ಬ್ಲಾಕ್ ಆಗಿದ್ದೆ.

ನಾಳೆ ಹೋಮಕ್ಕೆ ಏನು ಹೇಳುತ್ತೀರೋ ನಿಮಗೆ ಬಿಟ್ಟಿದ್ದು. ಕಾಶ್ಯಪ ಅಂದರೂ ನನಗೇನೂ ಬೇಜಾರಿಲ್ಲ. ಹುಡುಗಿ ಬಂದರೆ ಸಾಕು.

ಇದನ್ನು ನಾನೇ ತಂದು ನಿಮ್ಮ ಡಬ್ಬಕ್ಕೆ ಹಾಕುತ್ತೇನೆ. ನಾನೂ ಬೆಲ್ ಒತ್ತುವುದಿಲ್ಲ. ಸಮ ಆಯಿತು.

ದೊಡ್ಡಬೈರಪ್ಪ


ಬಸವನಗುಡಿ
೧೨ ಮೇ ೨೦೨೫

ಶ್ರೀ ದೊಡ್ಡಬೈರಪ್ಪನವರಿಗೆ,

ವಿಷಯ: ಹೋಮದ ವರದಿ.
ಉಲ್ಲೇಖ: ತಮ್ಮ ೧೦ನೇ ತಾರೀಖಿನ ಪತ್ರ, ಖುದ್ದು ತಲುಪಿಸಿದ್ದು. (ತಾವೂ ಓಡುವಾಗ ನೋಡಿದೆ. ಅದನ್ನು ಓಟವೆನ್ನುವುದು ಉದಾರತೆಯಾಗುತ್ತದೆ.)

ನಿನ್ನೆಯ ಮುಕ್ಕಾಲು ಭಾಗ ತಮಗೆ ಗೌರೀಶ ಹೇಳಿರುತ್ತಾನೆ. ಅವನು ಬರುವ ಮೊದಲಿನ ಕಾಲು ಭಾಗ ಅವನಿಗೆ ಗೊತ್ತಿಲ್ಲ. ಅದನ್ನು ದಾಖಲಿಸುವುದು ನನ್ನ ಕರ್ತವ್ಯ.

ಹತ್ತು ಗಂಟೆಗೆ ಸಂಕಲ್ಪ. ದೇವಸ್ಥಾನದ ನಿಯಮದಂತೆ ನಮ್ಮಿಬ್ಬರ ಫೋನುಗಳನ್ನೂ ಆಫ್ ಮಾಡಿದ್ದೆವು. ಅರ್ಚಕರು ಟ್ಯಾಬ್ ಹಿಡಿದು ಕೂತರು. ಹೆಸರು, ಪ್ರಿಯಂವದಾ. ನಕ್ಷತ್ರ, ಉತ್ತರೆ. ರಾಶಿ, ಕನ್ಯಾ. ಗೋತ್ರ ಎಂದು ಕೇಳಿ ನನ್ನ ಮುಖ ನೋಡಿದರು. ಹಿಂದಿನ ದಿನದ ತಮ್ಮ ಪತ್ರ ನನ್ನ ಜೇಬಿನಲ್ಲಿತ್ತು. ತುಳಸಮ್ಮ ಅದನ್ನು ನಾಲ್ಕು ಸಲ ಓದಿ, ಐದನೆಯ ಸಲ ನನ್ನಿಂದ ಓದಿಸಿದ್ದಳು. ಮಗಳು ಎಲ್ಲಿದ್ದಾಳೆ, ಹೇಗಿದ್ದಾಳೆ, ಒಂದೂ ಆಗ ನಮಗೆ ಗೊತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

ನಾನು, "ಭೈರವ ಗೋತ್ರ. ಚಾಮರಾಜಪೇಟೆ ದೊಡ್ಡಬೈರಪ್ಪನವರ ಸೊಸೆ" ಎಂದೆ.

ಅರ್ಚಕರು ಪಟ್ಟಿಯಲ್ಲಿ ಬೆರಳಾಡಿಸಿದರು. ಭಾರದ್ವಾಜ ಇದೆ, ಭಾರ್ಗವ ಇದೆ, ಭೈರವ ಇಲ್ಲ ಎಂದರು. ಅಂಥ ಋಷಿಯೇ ಇಲ್ಲವಲ್ಲ ಮಾಮಾ ಎಂದೂ ಸಂಕೋಚದಿಂದ ಸೇರಿಸಿದರು. ಮೂವತ್ನಾಲ್ಕು ವರ್ಷದ ಅನುಭವ ನನ್ನ ಕೈ ಹಿಡಿಯಿತು. ಪಟ್ಟಿಯ ಕೊನೆಗೆ ಹೋಗಿ, ಅಲ್ಲಿ 'ಇತರೆ' ಎಂದಿರುತ್ತದೆ, ಅದನ್ನು ಒತ್ತಿ, ಬರೆದುಕೊಳ್ಳಿ ಎಂದೆ. ಇತ್ತು. ಒತ್ತಿದರು. ಬರೆದುಕೊಂಡರು. ಅದು ಮುಂದಕ್ಕೆ ಹೋಯಿತು. ಆಮೇಲೆ ನರಸಿಂಹನೆದುರು ಗಟ್ಟಿಯಾಗಿ, ತಮ್ಮ ಹೆಸರಿನ ಸಮೇತ, ಮೂರು ಸಲ ಹೇಳಿದರು. ದೇವರ ಮುಖಭಾವದಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ತುಳಸಮ್ಮನ ಮುಖದಲ್ಲಿ ಕಂಡಿತು.

ಹನ್ನೊಂದೂಕಾಲರ ಹೊತ್ತಿಗೆ ದೇವಸ್ಥಾನದ ಮುಂದೆ ಸ್ಕೂಟರ್ ನಿಂತ ಸದ್ದಾಯಿತು. ಅದು ಮಗಳ ಸ್ಕೂಟರ್ ಎಂದು ತುಳಸಮ್ಮನಿಗೆ ಸದ್ದಿನಲ್ಲೇ ಗೊತ್ತಾಯಿತು, ಎದ್ದು ನಿಂತುಬಿಟ್ಟಳು. ನೋಡಿದರೆ ಗೌರೀಶ. ತಲೆಯ ಮೇಲೆ ಮಗಳ ಹೆಲ್ಮೆಟ್, ಹಳದಿ ಹೂವಿನದು. ಹೊಸ್ತಿಲ ಆಚೆಗೇ ನಿಂತ. ನಂಬಿಕೆ ಇಲ್ಲದವನು ಒಳಗೆ ಬರಬಹುದೇ ಎಂದೋ, ನಾನಿದ್ದೇನೆ ಎಂದೋ ತಿಳಿಯದು.

"ಫೋನ್ ಬಂತು. ಚೆನ್ನಾಗಿದಾಳೆ. ನಾಲ್ಕ್ ದಿನ ಬೇಸ್‌ಮೆಂಟಲ್ಲೇ ಆಸ್ಪತ್ರೆ ನಡೆಸಿದ್ರಂತೆ. ನಿಮ್ ಫೋನ್ ಆಫ್ ಇದೆ ಅಂದ್ಲು" ಎಂದ. ಆಮೇಲೆ, "ಸ್ಕೂಟರ್ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು" ಎಂದ. ಅದನ್ನು ಯಾಕೆ ಹೇಳಿದನೆಂದು ಅಲ್ಲಿದ್ದ ಬೇರೆಯವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನಾನು ಪೇಪರ್ ಹುಡುಕಿದೆ. ದೇವಸ್ಥಾನದಲ್ಲಿ ಪೇಪರ್ ಇರುವುದಿಲ್ಲ. ಆದ್ದರಿಂದ ಎಲ್ಲರಿಗೂ ನನ್ನ ಮುಖ ಕಾಣಿಸಿತು.

ಮನೆಗೆ ಬಂದು ಕಾಫಿ ಕುಡಿದು ಹೋದ. ಲೋಟವನ್ನು ತುಳಸಮ್ಮ ಕುಕ್ಕದೆ ಇಟ್ಟಳು.

ಒಂದು ತಿದ್ದುಪಡಿ. ತಮ್ಮ ಪತ್ರದಲ್ಲಿ ಬೈರಯ್ಯನವರು ನನ್ನನ್ನು ವಾದಿರಾಜಪ್ಪ ಎಂದಿದ್ದಾರೆ. ದಾಖಲೆಯ ಪ್ರಕಾರ ನಾನು ವಾದಿರಾಜ. ಆದರೆ ಆ ಅಪ್ಪ ಅಲ್ಲಿಯೇ ಇರಲಿ, ತೆಗೆಯುವುದು ಬೇಡ.

ಇಂತಿ,
ವಾದಿರಾಜ


ಚಾಮರಾಜಪೇಟೆ
೨೫ ಮೇ ೨೦೨೫

ರಾಯರೇ,

ನಮ್ಮ ಮನೆಯಲ್ಲಿ ಈಗ ಇನ್ನೊಂದು ಯುದ್ಧ. ಹುಡುಗಿಯನ್ನು ಕಾಪಾಡಿದ್ದು ಯಾರು ಅನ್ನುವುದು. ಅಕ್ಕಯಮ್ಮನ ಪ್ರಕಾರ ಅಣ್ಣಮ್ಮ. ಮೊದಲು ಆರತಿ ಹೋಗಿದ್ದು ಅಲ್ಲಿಗೆ. ಮುನೀರ್ ಏನೂ ವಾದ ಮಾಡುವುದಿಲ್ಲ, ಆದರೆ ದಿನಾ ಬಂದು, ಹುಡುಗಿಗೆ ಕಳಿಸಿದ ತಾಯಿತ ಪೋಸ್ಟಿನಲ್ಲಿ ಯಾವಾಗ ತಲುಪಿತು ಅಂತ ವಿಚಾರಿಸುತ್ತಾನೆ. ಏಳನೇ ತಾರೀಖು ಅಂದಿದ್ದಕ್ಕೆ ತಲೆಯಾಡಿಸಿ ಹೋದ. ಫಿಲೋಮಿನಾ, ಎಲ್ಲರೂ ಸೇರಿ ಮಾಡಿದ್ದು ಎಂದು ದೊಡ್ಡ ಮನಸ್ಸು ಮಾಡಿ ಹೇಳಿ, ಹೋಗುವಾಗ ಬಾಗಿಲಲ್ಲಿ ನಿಂತು, "ಆದ್ರೂ ಚೀಟಿ ಹಾಕಿದ್ದು ನಾನೇ ಮೊದ್ಲು" ಅಂದಳು. ಎಲ್ಲರೂ ಸೇರಿ ಗೌರೀಶನನ್ನು ಕೇಳಿದರು. ಅವನು ಬ್ಯಾಟರಿ ಅಂದ.

ನಿಮ್ಮ ಬ್ಲಾಕನ್ನು ಅವನು ಅವತ್ತೇ ತೆಗೆದನಂತೆ, ನಾಲ್ಕು ಸೆಕೆಂಡ್ ಆಯಿತಂತೆ. ಎರಡು ವಾರವಾಯಿತು, ನೀವು ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ಏನು ಮಾತಾಡುವುದು ಅಂತ ಒಂದು ಸಲ ಯೋಚಿಸಿದೆ, ಬೆಲ್ ಒತ್ತುವ ಹಾಗೆ ಬೆರಳಿಟ್ಟು ತೆಗೆದೆ.

ಭೈರವ ಗೋತ್ರದ ವಿಷಯ ಬೈರಯ್ಯನಿಗೆ ಹೇಳಿದೆ. ನಗಲಿಲ್ಲ. ನಿಮ್ಮ ನರಸಿಂಹನಿಗೆ ನಮ್ಮ ಗುಡ್ಡದಿಂದ ಒಂದು ಕಾಯಿ ಒಪ್ಪಿಸಬೇಕು ಅಂದ.

ದೊಡ್ಡಬೈರಪ್ಪ


ಬಸವನಗುಡಿ
೨೦ ಜುಲೈ ೨೦೨೫

ಪ್ರಿಯ ದೊಡ್ಡಬೈರಪ್ಪನವರೇ,

ಮಗಳಿಗೆ ರಜೆ ಸಿಕ್ಕಿದೆ. ಬುಧವಾರ ಬರುತ್ತಾಳೆ. ಇದು ತಮಗೂ ಗೊತ್ತು, ಮೊದಲೇ ಗೊತ್ತಾಗಿದೆ ಎಂಬುದೂ ನನಗೆ ಗೊತ್ತು. ನಿಮ್ಮ ಮನೆಗೆ ಫೋನ್ ಮಾಡಿದ ಮೇಲೆ ನಮ್ಮ ಮನೆಗೆ ಮಾಡಿದಳು. ಅದು ಸರಿಯಾದ ಕ್ರಮವೇ.

ಮರುದಿನ ಭೀಮನ ಅಮಾವಾಸ್ಯೆ. ತುಳಸಮ್ಮ ಮಗಳಿಗೆ ಗಂಡನ ಪಾದಪೂಜೆಯ ವಿಧಿಯನ್ನು ಫೋನಿನಲ್ಲೇ ವಿವರಿಸಿದಳು. ಮಗಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಮ್ಮಾ, ಸ್ಕೂಟರ್‌ಗೆ ಅರಿಶಿನ ಕುಂಕುಮ ಹಚ್ತೀನಿ, ಅದು ಅವನಿಗೇ ಹೋಗುತ್ತೆ" ಎಂದಳಂತೆ. ವಿಳಾಸದ ವಿಷಯದಲ್ಲಿ ಈಚೆಗೆ ಧಾರಾಳವಾಗಿರುವ ತುಳಸಮ್ಮ ಒಪ್ಪಿದ್ದಾಳೆ.

ಮಗಳು ಹೋಗಬೇಕಾದ ಜಾಗಗಳು ಹಲವಿವೆ. ಅಣ್ಣಮ್ಮನಿಗೆ ಆರತಿ, ಅಕ್ಕಯಮ್ಮನವರ ಜೊತೆ ತುಳಸಮ್ಮನೂ ಹೊರಡುತ್ತಾಳಂತೆ. ದರ್ಗಾಕ್ಕೆ ಹೂವಿನ ಚಾದರ, ಮುನೀರ್ ಸಾಹೇಬರ ಮುಂದಾಳತ್ವದಲ್ಲಿ. ಅಲ್ಲಿಯೂ ತಾನು ಬರಬೇಕು, ತನ್ನ ಹೆಸರು ಅಲ್ಲಿದೆ ಎಂದು ತುಳಸಮ್ಮನ ವಾದ. ಫಿಲೋಮಿನಾ ಅವರಿಗೆ ಮೊದಲ ಚೀಟಿ ಅವರದೇ ಎಂದು ಲಿಖಿತವಾಗಿ ಬರೆದುಕೊಡಲು ನಾನು ಸಿದ್ಧ. ಮೇಜಿನ ಕೆಳಗೆ ಮಾಡಿದ್ದೂ ಪ್ರಾರ್ಥನೆಯೇ ಆದ್ದರಿಂದ ವೆಂಕಟಾಚಲಯ್ಯನವರನ್ನೂ ಮರೆಯುವಂತಿಲ್ಲ.

ಇವೆಲ್ಲಕ್ಕೂ ಮೊದಲು ತಮ್ಮ ಗುಡ್ಡಕ್ಕೆ ಹೋಗಬೇಕೆಂದು ನನ್ನ ಆಸೆ. ಈ ವರ್ಷದ ಕೂಗು ಮುಗಿದಿದೆಯೆಂದು ಬಲ್ಲೆ. ಆದರೂ ಬೈರಯ್ಯನವರು ನನಗಾಗಿ ಇನ್ನೊಮ್ಮೆ ಕಾಯಿ ಒಡೆಯುವುದಾದರೆ ನಾನು ಪಕ್ಕದಲ್ಲಿ ನಿಂತು ಕಿವಿಯಾರೆ ಕೇಳಬೇಕು. ಹೆಣ್ಣು ಕೊಟ್ಟ ಮನೆ ಎಂಬ ಮಾತನ್ನು ಮೂರು ವರ್ಷ ನಾನು ಬಾಯಿಬಿಟ್ಟು ಆಡಲಿಲ್ಲ. ನನ್ನ ಪರವಾಗಿ ಬೇರೊಬ್ಬರು ಗುಡ್ಡ ಹತ್ತಿ ಕೂಗುತ್ತಿದ್ದರು.

ನಾನು ಫೋನ್ ಮಾಡಿಲ್ಲ ಎಂದು ಬರೆದಿದ್ದಿರಿ. ಫೋನಿನಲ್ಲಿ ನನ್ನ ಅಹಂಕಾರ ಬೇಗ ಬಂದುಬಿಡುತ್ತದೆ. ಪತ್ರದಲ್ಲಿ ಅದು ಪೆನ್ನು ಹುಡುಕುವಷ್ಟರಲ್ಲಿ ನಾನು ಎರಡು ಒಳ್ಳೆಯ ಮಾತು ಬರೆದಿರುತ್ತೇನೆ.

ಈ ಪತ್ರವನ್ನು ಪೋಸ್ಟಿಗೆ ಹಾಕುವುದಿಲ್ಲ, ಡಬ್ಬಕ್ಕೂ ಹಾಕುವುದಿಲ್ಲ. ನಾಳೆ ಸಂಜೆ ಐದು ಗಂಟೆಗೆ ಕೈಯಲ್ಲಿ ಹಿಡಿದು ತರುತ್ತೇನೆ. ತುಳಸಮ್ಮ ಪಕ್ಕದಲ್ಲಿರುತ್ತಾಳೆ, ಓಡಲು ಬಿಡುವುದಿಲ್ಲ. ಈ ಸಲ ಬೆಲ್ ಒತ್ತುತ್ತೇನೆ. ನಿಮಗೂ ಅಕ್ಕಯಮ್ಮನವರಿಗೂ ಮಂಡಿ ನೋವು. ಅವಸರ ಮಾಡಿ ಇಳಿಯಬೇಡಿ.

ನಿಂತಿರುತ್ತೇವೆ.

ನಿಮ್ಮ ಬೀಗ,
ವಾದಿರಾಜಪ್ಪ